ಟ್ಯೂಬ್ ಟೆಸ್ಟ್‌ಗೆ ಹೋಗುವ ಮುಂಚೆ: ನೋವು ಕಮ್ಮಿ ಮಾಡಿಕೊಳ್ಳುವುದು ಹೇಗೆ?

"ಅಕ್ಕ, ಟ್ಯೂಬ್ ಟೆಸ್ಟ್ ತುಂಬಾ ನೋಯುತ್ತಂತೆ, ಹೌದಾ?" ಒಂದು ಸಲ ಗೋಣಿಕೊಪ್ಪದಿಂದ ಬರುತ್ತದೆ ಈ ಪ್ರಶ್ನೆ, ಇನ್ನೊಂದು ಸಲ ಸೋಮವಾರಪೇಟೆಯಿಂದ. ಮಕ್ಕಳಾಗುವುದು ತಡವಾದಾಗ ಮಾಡಿಸುವ ಟೆಸ್ಟ್ ಇದು. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನೇರವಾಗಿ ಹೇಳುತ್ತೇನೆ, ನೋಯುತ್ತದೆ. ಕೆಲವರಿಗೆ ಮುಟ್ಟಿನ ಹೊಟ್ಟೆನೋವಿನಷ್ಟು, ಕೆಲವರಿಗೆ ಅದಕ್ಕಿಂತ ತುಂಬಾ ಜಾಸ್ತಿ. ಇನ್ನು ಕೆಲವರು ಇಷ್ಟೇನಾ ಅಂದುಕೊಂಡು ಎದ್ದು ಬರುತ್ತಾರೆ. ನೀವು ಯಾವ ಗುಂಪು ಅಂತ ಮೊದಲೇ ಹೇಳಲು ಯಾರಿಂದಲೂ ಆಗುವುದಿಲ್ಲ. ಆದರೆ ಆ ನೋವನ್ನು ಕಮ್ಮಿ ಮಾಡುವ ದಾರಿಗಳಿವೆ. ಬಹಳಷ್ಟು ಕಡೆ ನಾವು ಕೇಳದೆ ಅವನ್ನು ಯಾರೂ ಹೇಳುವುದಿಲ್ಲ. ನನಗೂ "ಸ್ವಲ್ಪ ಹಿಡಿದ ಹಾಗಾಗುತ್ತೆ ಅಷ್ಟೆ" ಅಂದಿದ್ದರು. ಮಾತ್ರೆಯ ಮಾತೇ ಬರಲಿಲ್ಲ. ಕೇಳಬಹುದು ಅಂತ ನನಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ.

ಮೊದಲು ಇದೇನು ಅಂತ ನೋಡೋಣ. ಟ್ಯೂಬ್ ಟೆಸ್ಟ್ ಅಂದರೆ ಎಚ್‌ಎಸ್‌ಜಿ, ಪೂರ್ತಿ ಹೆಸರು ಹಿಸ್ಟೆರೊಸಾಲ್ಪಿಂಗೋಗ್ರಫಿ. ಗರ್ಭಕೋಶದ ಎರಡು ಪಕ್ಕದಲ್ಲಿ ದಾರದಂಥ ಎರಡು ನಾಳಗಳಿವೆ, ಅವೇ ಟ್ಯೂಬ್. ಅಂಡಾಶಯದಿಂದ ಬಂದ ಅಂಡ ಸಾಮಾನ್ಯವಾಗಿ ವೀರ್ಯಾಣುವನ್ನು ಸೇರುವುದು ಈ ನಾಳದೊಳಗೇ. ನಾಳ ಮುಚ್ಚಿಕೊಂಡಿದ್ದರೆ ಅವೆರಡು ಸೇರುವುದಿಲ್ಲ. ಅದಕ್ಕೆ ಗರ್ಭಕೋಶದ ಬಾಯಿಯಿಂದ ಒಂದು ದ್ರವ ಬಿಟ್ಟು, ಅದು ಎಲ್ಲಿಯವರೆಗೆ ಹರಿಯುತ್ತದೆ ಅಂತ ಎಕ್ಸ್‌ರೇಯಲ್ಲಿ ನೋಡುತ್ತಾರೆ. ಆ ದ್ರವಕ್ಕೆ ಡೈ ಅನ್ನುತ್ತಾರೆ, ಅದರಲ್ಲಿ ಅಯೋಡಿನ್ ಇರುತ್ತದೆ. ಸಾಮಾನ್ಯವಾಗಿ ಆಪರೇಷನ್ ಇಲ್ಲ, ಅರಿವಳಿಕೆಯೂ ಇಲ್ಲ. ಎಲ್ಲ ಸೇರಿ ಹತ್ತು ಹದಿನೈದು ನಿಮಿಷ.

1. ಈಗಲೇ ಬೇಕಾ ಅಂತ ಕೇಳಿ

ಮದುವೆಯಾಗಿ ಆರು ತಿಂಗಳಿಗೇ ಮನೆಯವರ ಒತ್ತಾಯಕ್ಕೆ ಈ ಟೆಸ್ಟ್‌ಗೆ ಹೊರಟವರನ್ನು ಕಂಡಿದ್ದೇನೆ. ವಯಸ್ಸು 35ರ ಒಳಗಿದ್ದರೆ, ಬೇರೆ ತೊಂದರೆ ಇಲ್ಲದಿದ್ದರೆ, ಸಾಮಾನ್ಯವಾಗಿ ಒಂದು ವರ್ಷ ಪ್ರಯತ್ನಪಟ್ಟ ಮೇಲೆ ತಪಾಸಣೆ ಶುರುಮಾಡುತ್ತಾರೆ. 35 ದಾಟಿದ್ದರೆ ಆರು ತಿಂಗಳು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ. ಗಂಡನ ವೀರ್ಯ ಪರೀಕ್ಷೆ ಮೊದಲು ಆಗಲಿ. ಅದಕ್ಕೆ ನೋವಿಲ್ಲ, ಖರ್ಚು ಕಡಿಮೆ, 2ರಿಂದ 7 ದಿನ ಸಂಪರ್ಕ ಇಲ್ಲದೆ ಇದ್ದು ಸ್ಯಾಂಪಲ್ ಕೊಟ್ಟರೆ ಮುಗಿಯಿತು. ತೊಂದರೆ ಅಲ್ಲೇ ಇದ್ದರೆ ಮುಂದಿನ ದಾರಿಯೇ ಬೇರೆ ಆಗಬಹುದು, ನಿಮಗೆ ಈ ಟೆಸ್ಟ್ ಬೇಕಾಗದೆಯೂ ಹೋಗಬಹುದು. "ಅವರು ಒಪ್ಪಲ್ಲ ಅಕ್ಕ" ಅಂತ ಹೇಳುವವರು ಬಹಳ ಮಂದಿ. ನೋಯುವ ಟೆಸ್ಟ್‌ಗೆ ಹೆಂಡತಿ ಮಲಗಬೇಕು, ನೋಯದ ಟೆಸ್ಟ್‌ಗೆ ಗಂಡ ಒಪ್ಪುವುದಿಲ್ಲ ಅಂದರೆ ಅದು ನ್ಯಾಯವಲ್ಲ. ನಿಮ್ಮ ಮಾತಿಗೆ ಒಪ್ಪದಿದ್ದರೆ ಡಾಕ್ಟರ ಬಾಯಿಂದಲೇ ಹೇಳಿಸಿ.

ಸ್ಕ್ಯಾನಿಂಗ್‌ನಲ್ಲೇ ಉಪ್ಪುನೀರಿನಂಥ ದ್ರವ ಬಿಟ್ಟು ಟ್ಯೂಬ್ ನೋಡುವ ವಿಧಾನವೂ ಇದೆ. ಕೆಲವರು ಎಸ್‌ಎಸ್‌ಜಿ ಅನ್ನುತ್ತಾರೆ. ಎಕ್ಸ್‌ರೇ ಬೇಕಿಲ್ಲ, ಎಲ್ಲ ಕಡೆ ಸಿಗುವುದೂ ಇಲ್ಲ. ನಿಮಗೆ ಅದು ಸಾಕಾ ಅಂತ ಒಮ್ಮೆ ಕೇಳಿ ನೋಡಿ.

2. ದಿನದ ಲೆಕ್ಕ

ಹೆಚ್ಚು ಜನ ಎಡವುವುದು ಇಲ್ಲೇ. ಮುಟ್ಟು ಪೂರ್ತಿ ನಿಂತ ಮೇಲೆ, ಅಂಡ ಬಿಡುಗಡೆಯಾಗುವ ಮುಂಚೆ ಈ ಟೆಸ್ಟ್ ಆಗಬೇಕು. ಸಾಮಾನ್ಯವಾಗಿ ಅದು 6ರಿಂದ 10ನೇ ದಿನದ ಒಳಗೆ ಬರುತ್ತದೆ. ರಕ್ತ ಸರಿಯಾಗಿ ಹೋಗಲು ಶುರುವಾದ ದಿನವೇ 1ನೇ ದಿನ. ಅದಕ್ಕೂ ಮುಂಚೆ ಒಂದೆರಡು ದಿನ ಕಂದು ಬಣ್ಣದ ಕಲೆ ಕಂಡರೆ ಅದನ್ನು ಎಣಿಸಬೇಡಿ. ಮುಟ್ಟು ನಿಂತ ದಿನದಿಂದ ಎಣಿಸುವುದೂ ತಪ್ಪು. ಹಾಗೆ ಎಣಿಸಿ 14ನೇ ದಿನ ಮೈಸೂರಿಗೆ ಹೋಗಿ, ವಾಪಸ್ ಕಳಿಸಿದರು ಅಂತ ಬೇಜಾರು ಮಾಡಿಕೊಂಡವರಿದ್ದಾರೆ.

ಉದಾಹರಣೆಗೆ ತಿಂಗಳ 3ನೇ ತಾರೀಖು ಮುಟ್ಟಾದಿರಿ, 7ಕ್ಕೆ ನಿಂತಿತು. ಹಾಗಾದರೆ 8ರಿಂದ 12ನೇ ತಾರೀಖಿನ ಒಳಗೆ ಟೆಸ್ಟ್ ಆಗಬೇಕು. ನಡುವೆ ಭಾನುವಾರ ಬಂತು, ಹುತ್ತರಿಯಂಥ ಹಬ್ಬವೂ ಬಂತು ಅಂದರೆ ಉಳಿಯುವುದು ಮೂರೇ ದಿನ. ಆದ್ದರಿಂದ ಮುಟ್ಟಾದ ದಿನವೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ನಿಮ್ಮ ತಿಂಗಳ ಚಕ್ರ 28 ದಿನಕ್ಕಿಂತ ಚಿಕ್ಕದು, 22-24 ದಿನಕ್ಕೇ ಬರುತ್ತದೆ ಅಂದರೆ ಅದನ್ನೂ ಹೇಳಿ, ಅಂಡ ಬೇಗ ಬಿಡುಗಡೆಯಾಗುತ್ತದೆ.

ಮುಟ್ಟಾದ ದಿನದಿಂದ ಟೆಸ್ಟ್ ಮುಗಿಯುವವರೆಗೆ ಗಂಡ ಹೆಂಡತಿ ಸೇರಬಾರದು. ಗರ್ಭ ನಿಂತಿದ್ದರೆ ಈ ಟೆಸ್ಟ್ ಮಾಡುವ ಹಾಗಿಲ್ಲ, ಅದಕ್ಕೆ. ಮುಟ್ಟು ಹೋದ ಸಲಕ್ಕಿಂತ ತೀರಾ ಕಮ್ಮಿ ಹೋಗಿದ್ದರೆ ಅಥವಾ ತಿಂಗಳ ಲೆಕ್ಕ ತಪ್ಪುತ್ತಿದ್ದರೆ, ಮೆಡಿಕಲ್‌ನಲ್ಲಿ ಸಿಗುವ ಕಿಟ್ ತಂದು ಮೂತ್ರ ಪರೀಕ್ಷೆ ಮಾಡಿಕೊಂಡೇ ಹೋಗಿ.

ಕಾಫಿ ಕೊಯ್ಲಿನ ಸಮಯದಲ್ಲಿ ತೋಟದಲ್ಲಿ ಕೆಲಸ ಮಾಡುವವರು "ಒಂದು ದಿನದ ಕೂಲಿ ಹೋಗುತ್ತೆ" ಅಂತ ಮುಂದೂಡುತ್ತಾರೆ. ಒಂದೆರಡು ತಿಂಗಳು ಮುಂದೆ ಹೋದರೆ ಸಾಮಾನ್ಯವಾಗಿ ದೊಡ್ಡ ನಷ್ಟವೇನಿಲ್ಲ. ಆದರೆ ಹೋಗುವ ತಿಂಗಳು ದಿನದ ಲೆಕ್ಕ ಮಾತ್ರ ತಪ್ಪಬಾರದು.

3. ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ

ಇವುಗಳಲ್ಲಿ ಯಾವುದಾದರೂ ಇದ್ದರೆ, ಅವರು ಕೇಳದಿದ್ದರೂ ನೀವೇ ಹೇಳಬೇಕು. ಅಯೋಡಿನ್ ಅಥವಾ ಸ್ಕ್ಯಾನ್‌ಗೆ ಕೊಟ್ಟ ಡೈ ಹಿಂದೆ ಅಲರ್ಜಿ ಆಗಿತ್ತಾ. ಥೈರಾಯ್ಡ್ ತೊಂದರೆ ಇದೆಯಾ. ಕಿಡ್ನಿ ತೊಂದರೆ ಇದೆಯಾ, ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ. ಪಿಸಿಓಡಿಗೆ, ಅಂದರೆ ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆಗೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಬಹಳ ಜನ, ಅದು ಶುಗರ್ ಮಾತ್ರೆ ಅಂತ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಉಬ್ಬಸ ಇದೆಯಾ, ಹೊಟ್ಟೆ ಹುಣ್ಣು ಇದೆಯಾ. ಈಗ ಬಿಳಿಸೆರಗು ವಾಸನೆ ಬರುತ್ತಿದೆಯಾ, ಕೆಳಹೊಟ್ಟೆ ನೋಯುತ್ತಿದೆಯಾ. ಸೋಂಕು ಇದ್ದರೆ ಅದು ವಾಸಿಯಾದ ಮೇಲೇ ಟೆಸ್ಟ್.

ಹಿಂದೆ ಗರ್ಭಕೋಶಕ್ಕೆ, ಟ್ಯೂಬ್‌ಗೆ ಸೋಂಕಾಗಿತ್ತು ಅಂದರೆ ಅಥವಾ ಮನೆಯಲ್ಲಿ ಯಾರಿಗಾದರೂ ಟಿಬಿ ಬಂದಿತ್ತು ಅಂದರೆ ಅದನ್ನೂ ಮುಚ್ಚಿಡಬೇಡಿ. ನಮ್ಮ ದೇಶದಲ್ಲಿ ಟ್ಯೂಬ್ ಮುಚ್ಚಿಹೋಗಲು ಟಿಬಿಯೂ ಒಂದು ಮುಖ್ಯ ಕಾರಣ, ಕೆಮ್ಮೇ ಇಲ್ಲದೆ ಅದು ಗರ್ಭಕೋಶಕ್ಕೆ ಬಂದಿರಬಹುದು. ಇಂಥವರಿಗೆ ಸೋಂಕು ತಡೆಯಲು ಆಂಟಿಬಯೋಟಿಕ್ ಕೊಡಬೇಕಾ ಅಂತ ಡಾಕ್ಟರು ನಿರ್ಧರಿಸುತ್ತಾರೆ.

ಇನ್ನು ನೋವಿನ ವಿಷಯ. ಅಲ್ಲಿ ಹೋದಾಗ ಮಾತು ಹೊರಡುವುದಿಲ್ಲ, ನನಗೆ ಗೊತ್ತು. ಅದಕ್ಕೆ ಈ ನಾಲ್ಕು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ, ನೋಡಿಕೊಂಡೇ ಕೇಳಿ:

"ಡಾಕ್ಟ್ರೇ, ನೋವಿಗೆ ಮುಂಚೆ ಯಾವ ಮಾತ್ರೆ ತಗೊಳ್ಲಿ, ಎಷ್ಟು ಹೊತ್ತು ಮುಂಚೆ?"

"ತಡೆಯಕ್ಕಾಗದಿದ್ರೆ ಆ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡ್ತೀರಾ?"

"ಡೈ ನಿಧಾನಕ್ಕೆ ಹಾಕ್ತೀರಾ? ನಾನು ನಿಲ್ಲಿಸಿ ಅಂದ್ರೆ ನಿಲ್ಲಿಸ್ತೀರಾ?"

"ಒಳಗೆ ಲೇಡಿ ಸಿಸ್ಟರ್ ಇರ್ತಾರಾ?"

ಮುಟ್ಟಿನ ನೋವು ನಿಮಗೆ ವಿಪರೀತ ಇದ್ದರೆ, ಒಳಗೆ ಕೈ ಹಾಕಿ ನೋಡಿದರೂ ಮೈ ಬಿಗಿಯುತ್ತದೆ ಅಂದರೆ, ಹಿಂದೆ ಯಾರಾದರೂ ಕೆಟ್ಟದಾಗಿ ನಡೆದುಕೊಂಡ ನೆನಪು ಇದ್ದರೆ, ಮತ್ತು ಬರಿ ಮಾತ್ರೆ ಸಾಕಾಗದು ಅನ್ನಿಸಿದರೆ, ಮಂಪರು ಕೊಟ್ಟು ಮಾಡುತ್ತೀರಾ ಅಂತ ಕೇಳಿ. ಎಲ್ಲ ಕಡೆ ಆಗದು, ಆದರೆ ಕೇಳುವುದು ತಪ್ಪಲ್ಲ. "ಎಲ್ಲರೂ ತಡ್ಕೊಳ್ತಾರೆ, ನೀನೇನಮ್ಮ" ಅಂತ ಯಾರಾದರೂ ಅಂದರೆ ಕುಗ್ಗಬೇಡಿ. ನಿಮ್ಮ ನೋವು ನಿಮ್ಮದು. ಬೇರೆ ಕಡೆ ವಿಚಾರಿಸುವ ಹಕ್ಕೂ ನಿಮಗಿದೆ.

4. ಮಾತ್ರೆ ಯಾವಾಗ?

ಸಾಮಾನ್ಯವಾಗಿ ಐಬುಪ್ರೊಫೆನ್ ಅಥವಾ ಮುಟ್ಟಿನ ನೋವಿಗೆ ಕೊಡುವ ಮೆಫೆನಾಮಿಕ್ ಆಸಿಡ್ ಇರುವ ಮಾತ್ರೆಯನ್ನು ಟೆಸ್ಟ್‌ಗೆ ಸುಮಾರು ಒಂದು ಗಂಟೆ ಮುಂಚೆ ತೆಗೆದುಕೊಳ್ಳಲು ಹೇಳುತ್ತಾರೆ. ಯಾವುದು, ಎಷ್ಟು ಅನ್ನುವುದು ನಿಮ್ಮ ಡಾಕ್ಟರ ಮಾತು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ನೋವಿನ ಮಾತ್ರೆಗೆ ಉಬ್ಬಸ ಏಳುವುದು ಇದ್ದವರಿಗೆ ಇವು ಆಗುವುದಿಲ್ಲ.

ನಮ್ಮ ಕೊಡಗಿನವರು ಮಾಡುವ ತಪ್ಪು ಯಾವುದು ಗೊತ್ತಾ? ಮನೆಯಿಂದ ಹೊರಡುವಾಗಲೇ ಮಾತ್ರೆ ನುಂಗಿಬಿಡುವುದು. ವಿರಾಜಪೇಟೆಯಲ್ಲಿ ಬೆಳಿಗ್ಗೆ ಆರಕ್ಕೆ ಬಸ್ ಹತ್ತಿ, ತಿತಿಮತಿ, ಹುಣಸೂರು ದಾಟಿ ಮೈಸೂರು ತಲುಪುವುದಕ್ಕೇ ಮೂರು ಗಂಟೆ ಹತ್ತಿರ ಆಗುತ್ತದೆ. ಆಮೇಲೆ ಚೀಟಿ ಮಾಡಿಸಿ, ದುಡ್ಡು ಕಟ್ಟಿ, ಸರದಿಯಲ್ಲಿ ಕೂತು ಒಳಗೆ ಕರೆಯುವಾಗ ಮಧ್ಯಾಹ್ನ ಹನ್ನೆರಡೂವರೆ. ಅಷ್ಟರಲ್ಲಿ ಬೆಳಿಗ್ಗೆ ನುಂಗಿದ ಮಾತ್ರೆಯ ಬಲ ಇಳಿಯುತ್ತಾ ಬಂದಿರುತ್ತದೆ. ಅದಕ್ಕೆ ಮಾತ್ರೆ ಪರ್ಸಿನಲ್ಲಿ ಇಟ್ಟುಕೊಂಡು ಹೋಗಿ. ಕೌಂಟರ್‌ನಲ್ಲಿ "ನನ್ನ ಸರದಿ ಸುಮಾರು ಎಷ್ಟು ಗಂಟೆಗೆ ಬರುತ್ತೆ?" ಅಂತ ಕೇಳಿ, ಆ ಲೆಕ್ಕಕ್ಕೆ ನುಂಗಿ. ನುಂಗಿದ್ದನ್ನು ಸಿಸ್ಟರ್‌ಗೆ ತಪ್ಪದೆ ಹೇಳಿ. ಗೊತ್ತಿಲ್ಲದೆ ಅದೇ ಜಾತಿಯ ನೋವಿನ ಇಂಜೆಕ್ಷನ್ ಮತ್ತೊಂದು ಕೊಡಬಾರದಲ್ವಾ.

ಇನ್ನೊಂದು ತಪ್ಪು, ಖಾಲಿ ಹೊಟ್ಟೆಯಲ್ಲಿ ಹೋಗುವುದು. ಮಂಪರು ಕೊಡುವುದಿದ್ದರೆ ಮಾತ್ರ ಉಪವಾಸ, ಅದನ್ನು ಅವರೇ ಹೇಳುತ್ತಾರೆ. ಇಲ್ಲದಿದ್ದರೆ ಇಡ್ಲಿಯೋ ಅಕ್ಕಿರೊಟ್ಟಿಯೋ ಏನಾದರೂ ಹಗುರವಾಗಿ ತಿಂದೇ ಹೋಗಿ. ಖಾಲಿ ಹೊಟ್ಟೆ, ಭಯ, ನೋವು ಮೂರೂ ಸೇರಿದರೆ ತಲೆ ತಿರುಗಿ ಬೀಳುತ್ತೀರಿ.

5. ಹೊರಡುವ ದಿನ

ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಅಲ್ಲಿ ಆಗದಿದ್ದರೆ ಮೈಸೂರು ಅಥವಾ ಮಂಗಳೂರು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ರೈಲು ನಮ್ಮ ಜಿಲ್ಲೆಗೆ ಇಲ್ಲವೇ ಇಲ್ಲ. ಮಳೆಗಾಲದಲ್ಲಿ ಮಂಗಳೂರಿನ ಕಡೆ ಹೋಗುವವರು ಹಿಂದಿನ ರಾತ್ರಿಯೇ ರಸ್ತೆ ವಿಚಾರಿಸಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ರಸ್ತೆ ಮುಚ್ಚಿದ್ದು ನೆನಪಿದೆಯಲ್ಲ. ಒಂದು ಮರ ಬಿದ್ದರೂ ನಿಮ್ಮ ಆ ತಿಂಗಳ ಲೆಕ್ಕ ಕೈತಪ್ಪುತ್ತದೆ. ಸಾಧ್ಯವಾದರೆ ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿದುಬಿಡಿ.

ಜೊತೆಗೆ ಒಬ್ಬರು ಬೇಕು. ಗಂಡನೇ ಆಗಬೇಕಿಲ್ಲ, ಅಕ್ಕ, ಅತ್ತಿಗೆ, ಗೆಳತಿ ಯಾರಾದರೂ. ನೀವೇ ಸ್ಕೂಟರ್ ಓಡಿಸಿಕೊಂಡು ವಾಪಸ್ ಬರುವ ಯೋಚನೆ ಬೇಡ.

ಸಡಿಲವಾದ ಚೂಡಿದಾರ್ ಅಥವಾ ಸೀರೆ, ಗಾಢ ಬಣ್ಣದ್ದು. ಜೀನ್ಸ್ ಬೇಡ. ಬ್ಯಾಗಿನಲ್ಲಿ ಎರಡು ಮೂರು ದೊಡ್ಡ ಪ್ಯಾಡ್, ಒಂದು ಒಳಚಡ್ಡಿ, ಸಣ್ಣ ಟವೆಲ್, ಹಳೆಯ ರಿಪೋರ್ಟ್‌ಗಳು, ನೀರು, ಬಿಸ್ಕೆಟ್. ಬಿಸಿನೀರಿನ ಚೀಲ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಘಾಟಿ ತಿರುವಿನಲ್ಲಿ ವಾಂತಿ ಬರುವವರು ಅದರ ಮಾತ್ರೆಯನ್ನೂ ಡಾಕ್ಟರ ಹತ್ತಿರ ಕೇಳಿಟ್ಟುಕೊಳ್ಳಿ.

6. ಮೇಜಿನ ಮೇಲೆ

ಒಳಗೆ ಹೋಗುವ ಮುಂಚೆ ಮೂತ್ರ ಮಾಡಿ ಬನ್ನಿ. ಅದು ಎಕ್ಸ್‌ರೇ ಕೋಣೆ, ಮೇಜು ಗಟ್ಟಿ, ಎಸಿಯ ಚಳಿ. ಹೊದೆಯಲು ಬಟ್ಟೆ ಕೇಳಿ, ಕೊಡುತ್ತಾರೆ. ಅಂಗಾತ ಮಲಗಿ, ಮೊಣಕಾಲು ಮಡಚಿ ಅಗಲಿಸಬೇಕು.

ಮೊದಲು ಸ್ಪೆಕ್ಯುಲಮ್ ಹಾಕುತ್ತಾರೆ. ಬಾತುಕೋಳಿಯ ಕೊಕ್ಕಿನಂಥ ಉಪಕರಣ ಅದು, ಒಳಗೆ ಹಾಕಿ ಅಗಲಿಸಿದರೆ ಗರ್ಭಕೋಶದ ಬಾಯಿ ಕಾಣುತ್ತದೆ. ಸ್ಟೀಲಿನದಾದರೆ ತಣ್ಣಗಿರುತ್ತದೆ, ಬೆಚ್ಚಗಿನ ನೀರಲ್ಲಿ ಅದ್ದಿ ಹಾಕಿ ಅಂತ ಕೇಳಬಹುದು. ಹಾಕುವಾಗ ಬಾಯಿಯಿಂದ ಉದ್ದಕ್ಕೆ ಉಸಿರು ಬಿಡಿ. ಉಸಿರು ಕಟ್ಟಿದರೆ ತೊಡೆ ಬಿಗಿಯುತ್ತದೆ, ತೊಡೆ ಬಿಗಿದರೆ ನೋವು ಜಾಸ್ತಿ. ಸೊಂಟ ಮೇಜಿಗೆ ಅಂಟಿಕೊಂಡಿರಲಿ, ಮೇಲೆ ಎತ್ತಬೇಡಿ.

ಆಮೇಲೆ ಗರ್ಭಕೋಶದ ಬಾಯಿಯನ್ನು ಇಕ್ಕಳದಂಥ ಒಂದು ಉಪಕರಣದಲ್ಲಿ ಹಿಡಿಯಬಹುದು. ಒಂದು ಚಿವುಟಿದ ಹಾಗೆ. "ಈಗ ಹಿಡಿತೀನಿ ಅಂತ ಹೇಳಿ, ಕೆಮ್ತೀನಿ" ಅಂತ ಮುಂಚೆಯೇ ಹೇಳಿಡಿ. ಸರಿಯಾಗಿ ಆ ಕ್ಷಣಕ್ಕೆ ಒಮ್ಮೆ ಕೆಮ್ಮಿದರೆ ಕೆಲವರಿಗೆ ಚಿವುಟು ಅಷ್ಟಾಗಿ ಗೊತ್ತಾಗುವುದಿಲ್ಲ. ನಂತರ ಸಪೂರ ಕೊಳವೆ ಹಾಕುತ್ತಾರೆ. ಕೆಲವು ಕಡೆ ತುದಿಯಲ್ಲಿ ಪುಟ್ಟ ಬಲೂನ್ ಇರುವ ಮೆತ್ತಗಿನ ಕೊಳವೆ ಬಳಸುತ್ತಾರೆ, ಬಲೂನ್ ಉಬ್ಬಿಸುವಾಗ ಹೊಟ್ಟೆ ಹಿಂಡುತ್ತದೆ.

ಈಗ ಡೈ. ಎಲ್ಲರೂ ಹೆದರುವ ಘಟ್ಟ ಇದೇ. ಕೆಳಹೊಟ್ಟೆಯೊಳಗೆ ಏನೋ ತುಂಬಿ ಉಬ್ಬಿದ ಹಾಗೆ, ಮುಟ್ಟಿನ ಮೊದಲ ದಿನದ ನೋವನ್ನು ಹಿಂಡಿ ಒಂದೇ ನಿಮಿಷಕ್ಕೆ ಕೊಟ್ಟ ಹಾಗೆ ಇರುತ್ತದೆ. ಸೊಂಟಕ್ಕೂ ತೊಡೆಗೂ ಇಳಿಯುತ್ತದೆ. ನನ್ನ ಕೈ ಹಿಡಿದುಕೊಂಡಿದ್ದ ಸಿಸ್ಟರ್ ಆಗ "ಹತ್ತರವರೆಗೆ ಎಣಿಸಮ್ಮ, ಜೋರಾಗಿ" ಅಂದರು. ಏಳಕ್ಕೆ ಬರುವಷ್ಟರಲ್ಲಿ ಕಣ್ಣಲ್ಲಿ ನೀರು, ಎರಡನೇ ಸಲ ಹತ್ತು ಮುಟ್ಟುವಾಗ ಇಳಿಯಲು ಶುರುವಾಗಿತ್ತು. ಎಣಿಸಿ. ಜೋರಾಗಿಯೇ ಎಣಿಸಿ, ಎಣಿಸುವಾಗ ಉಸಿರು ತಾನಾಗಿ ಹೊರಗೆ ಹೋಗುತ್ತದೆ.

ಡೈ ರಭಸವಾಗಿ ತಳ್ಳಿದರೆ ನೋವು ಜಾಸ್ತಿ. ಗರ್ಭಕೋಶ ಸಿಟ್ಟಿಗೆದ್ದು ಬಿಗಿದುಕೊಂಡರೆ ಟ್ಯೂಬ್‌ನ ಬುಡವೂ ಮುಚ್ಚಿಕೊಳ್ಳಬಹುದು, ಆಗ ಸರಿ ಇರುವ ಟ್ಯೂಬೂ ಬ್ಲಾಕ್ ಆದ ಹಾಗೆ ಕಾಣುತ್ತದೆ. ಹಾಗಾಗಿ "ನಿಧಾನಕ್ಕೆ ಹಾಕಿ" ಅನ್ನುವುದು ನಿಮ್ಮ ನೋವಿಗಾಗಿ ಮಾತ್ರವಲ್ಲ, ಟೆಸ್ಟ್ ಸರಿಯಾಗಿ ಆಗಲೆಂದೂ ಹೌದು. ತಡೆಯಲಾರದಿದ್ದರೆ "ನಿಲ್ಲಿಸಿ" ಅನ್ನಿ. ಸ್ಪಷ್ಟವಾಗಿ, ಒಂದೇ ಪದ. ಸುಮ್ನೆ ನರಳಿದರೆ ಅವರಿಗೆ ಅರ್ಥವಾಗದಿರಬಹುದು. ಮೈ ತುರಿಕೆ, ಉಸಿರು ಸಿಕ್ಕಿಕೊಂಡ ಹಾಗೆ ಅನ್ನಿಸಿದರೆ ತಕ್ಷಣ ಹೇಳಿ, ಅದು ಅಲರ್ಜಿ ಇರಬಹುದು.

7. ಆದ ಮೇಲೆ

ತಟ್ಟನೆ ಏಳಬೇಡಿ. ಹತ್ತು ಹದಿನೈದು ನಿಮಿಷ ಮಲಗಿರಿ, ಆಮೇಲೆ ಕೂತು, ಆಮೇಲೆ ನಿಲ್ಲಿ. ತಲೆ ತಿರುಗಿದರೆ ಮತ್ತೆ ಮಲಗಿ. ಮುಂದಿನವರು ಕಾಯುತ್ತಿದ್ದಾರೆ ಅಂತ ಅವಸರ ಮಾಡಿದರೆ ಹೊರಗೆ ಒಂದು ಬೆಂಚು ಕೇಳಿ.

ಅಂಟಂಟಾದ ನೀರು ಹೊರಗೆ ಬರುತ್ತದೆ, ಅದು ಡೈ. ಒಂದೆರಡು ದಿನ ರಕ್ತದ ಕಲೆಯೂ ಕಾಣಬಹುದು. ಪ್ಯಾಡ್ ಮಾತ್ರ ಹಾಕಿ, ಕಪ್ ಅಥವಾ ಟ್ಯಾಂಪನ್ ಬೇಡ. ಹೊಟ್ಟೆ ಹಿಂಡುವುದು ಹೆಚ್ಚಿನವರಿಗೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಮನೆಗೆ ಬಂದು ಬಿಸಿ ಗಂಜಿ ಕುಡಿದು, ಹೊಟ್ಟೆಗೆ ಬಿಸಿನೀರಿನ ಚೀಲ ಇಟ್ಟು ಮಲಗಿ. ಆ ದಿನ ನೀರಿನ ಕೊಡ ಎತ್ತುವುದು, ಸೌದೆ ಹೊರುವುದು ಬೇರೆಯವರ ಕೆಲಸ.

ಈಗ ಎಚ್ಚರಿಕೆ. ಜ್ವರ 100.4 ಡಿಗ್ರಿ ಮುಟ್ಟಿದರೆ, ನೋವು ಇಳಿಯುವ ಬದಲು ಮಾರನೇ ದಿನ ಏರಿದರೆ, ಕೆಟ್ಟ ವಾಸನೆಯ ಸ್ರಾವ ಬಂದರೆ, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸೋಂಕು ಬರುವುದು ಕಮ್ಮಿ, ಬಂದರೆ ಕಾಯುವ ಹಾಗಿಲ್ಲ. ಮಳೆಗಾಲದಲ್ಲಿ ನಾವು ಎಲ್ಲ ಜ್ವರಕ್ಕೂ "ಮಳೆಯಲ್ಲಿ ನೆಂದಿದ್ದಕ್ಕೆ" ಅಂತ ಹೇಳಿ ಕಷಾಯ ಕುಡಿದು ಮಲಗುತ್ತೇವೆ. ಈ ಟೆಸ್ಟ್ ಆದ ವಾರದಲ್ಲಿ ಹಾಗೆ ಮಾಡಬೇಡಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

8. ರಿಪೋರ್ಟ್ ಬಂದಾಗ

"ಸ್ಪಿಲ್" ಅಂತ ಬರೆದಿದ್ದರೆ ಡೈ ಟ್ಯೂಬ್‌ನ ತುದಿಯಿಂದ ಹೊರಗೆ ಚೆಲ್ಲಿದೆ, ಅಂದರೆ ದಾರಿ ತೆರೆದಿದೆ. "ಬೈಲ್ಯಾಟರಲ್" ಅಂದರೆ ಎರಡೂ ಕಡೆ. "ಕಾರ್ನುವಲ್ ಬ್ಲಾಕ್" ಅಂದರೆ ಟ್ಯೂಬ್‌ನ ಬುಡದಲ್ಲೇ ಡೈ ನಿಂತಿದೆ. ಇದನ್ನು ಓದಿ ಅಳುತ್ತಾ ಫೋನ್ ಮಾಡುವವರಿಗೆ ನಾನು ಹೇಳುವುದು ಒಂದೇ, ಅದು ಆ ಹೊತ್ತಿನ ಬಿಗಿತವೂ ಇರಬಹುದು. ಮತ್ತೊಮ್ಮೆ ನೋಡಬೇಕಾ, ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡುವುದು ಬೇಕಾ ಅಂತ ಡಾಕ್ಟರನ್ನು ಕೇಳಿ. "ಫಿಲ್ಲಿಂಗ್ ಡಿಫೆಕ್ಟ್" ಅಂದರೆ ಗರ್ಭಕೋಶದೊಳಗೆ ಡೈ ತುಂಬದ ಒಂದು ಜಾಗ. ಪಾಲಿಪ್, ಅಂದರೆ ಒಳಪದರದ ಸಣ್ಣ ಗಂಟು ಇರಬಹುದು, ಫೈಬ್ರಾಯ್ಡ್ ಗಡ್ಡೆ ಇರಬಹುದು, ಬರಿ ಗಾಳಿಗುಳ್ಳೆಯೂ ಇರಬಹುದು. "ಹೈಡ್ರೋಸಾಲ್ಪಿಂಕ್ಸ್" ಅಂದರೆ ಟ್ಯೂಬ್‌ನಲ್ಲಿ ನೀರು ತುಂಬಿ ಊದಿಕೊಂಡಿದೆ. ಇದಿದ್ದರೆ ಸೋಂಕಿನ ಭಯ ಜಾಸ್ತಿ, ಆಂಟಿಬಯೋಟಿಕ್ ಬೇಕಾ ಅಂತ ಅವತ್ತೇ ಕೇಳಿ. ಎಂಡೋಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ತೊಂದರೆ ಮಾತ್ರ ಈ ಟೆಸ್ಟ್‌ನಲ್ಲಿ ನೇರವಾಗಿ ಕಾಣುವುದಿಲ್ಲ.

"ಟೆಸ್ಟ್ ಆದ ಮೇಲೆ ಗರ್ಭ ನಿಲ್ಲುತ್ತಂತೆ?" ಇದನ್ನೂ ಬಹಳ ಜನ ಕೇಳುತ್ತಾರೆ. ಪೂರ್ತಿ ಸುಳ್ಳಲ್ಲ. ನೆದರ್ಲೆಂಡ್ಸ್‌ನಲ್ಲಿ 1,119 ಮಹಿಳೆಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಣ್ಣೆಯ ಡೈ ಹಾಕಿಸಿಕೊಂಡವರಲ್ಲಿ 6 ತಿಂಗಳೊಳಗೆ ಶೇ 39.7 ಮಂದಿಗೆ ಗರ್ಭ ನಿಂತಿತ್ತು, ನೀರಿನ ಡೈ ಹಾಕಿಸಿಕೊಂಡವರಲ್ಲಿ ಶೇ 29.1 ಮಂದಿಗೆ. ಎಣ್ಣೆಯ ಡೈ ಎಲ್ಲರಿಗೂ ಆಗದು, ಥೈರಾಯ್ಡ್ ಇದ್ದವರು ವಿಶೇಷವಾಗಿ ಕೇಳಿಕೊಳ್ಳಬೇಕು. ಮತ್ತೆ ಯಾವಾಗ ಸೇರಬಹುದು ಅಂತಲೂ ಕೇಳಿ, ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು ಅದೇ ತಿಂಗಳು ಪ್ರಯತ್ನಿಸಬಹುದು.

ಕೊನೆಗೆ ಆ ಎಕ್ಸ್‌ರೇ ಫಿಲ್ಮ್. ಮುಂದೆ ನೀವು ಯಾವ ಡಾಕ್ಟರ ಹತ್ತಿರ ಹೋದರೂ ರಿಪೋರ್ಟಿನ ಎರಡು ಸಾಲಿಗಿಂತ ಅದನ್ನೇ ದೀಪಕ್ಕೆ ಹಿಡಿದು ನೋಡುತ್ತಾರೆ. ಅದು ಹಾಳಾಗಿದ್ದರೆ ಮತ್ತೆ ಟೆಸ್ಟ್ ಮಾಡಿಸಿ ಅನ್ನಬಹುದು. ಮಡಚಬೇಡಿ. ಮನೆಗೆ ಬಂದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಫಿಲ್ಮನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಟ್ಟೆ ಬೀರುವಿನಲ್ಲಿ ಒಣಗಿದ ಜಾಗದಲ್ಲಿ ಇಡಿ. ನಮ್ಮ ಜುಲೈ ತಿಂಗಳ ಮಳೆಯಲ್ಲಿ ಗೋಡೆಗೆ ಆನಿಸಿಟ್ಟರೆ ಹದಿನೈದು ದಿನಕ್ಕೆ ಬೂಷ್ಟು ಹಿಡಿಯುತ್ತದೆ.